ಕಲ್ಲು ಬಾರದ ಮನೆ

ಒಂದಾನೊಂದು ಕಾಲದಲ್ಲಿ ಸಮುದ್ರದ ಅಂಚಿಗೆ ಒಂದು ಊರಿತ್ತಂತೆ, ಆ ಊರಿಗೊಂದು ಕೋಟೆಯಿತ್ತಂತೆ, ಆ ಕೋಟೆಗೊಬ್ಬಳು ರಾಣಿಯಿದ್ದಳಂತೆ. ನನ್ನ ಅಜ್ಜಿಯ ಕಥೆಗಳೆಲ್ಲ ಶುರುವಾಗುತ್ತಿದ್ದುದು ಹೀಗೆ. ಊರು ನಮ್ಮದೇ. ಕೋಟೆಯೂ ನಮ್ಮ ಅಂಗಳದಿಂದ ಕತ್ತೆತ್ತಿದರೆ ಕಾಣುವಂಥದ್ದೇ. ಹಾಗಿದ್ದೂ ಅಜ್ಜಿ 'ಅಂತೆ' ಸೇರಿಸದೆ ಮಾತು ಮುಗಿಸುತ್ತಿರಲಿಲ್ಲ. "ಅಂತೆ ಹಾಕಿದ್ರೆ ಸುಳ್ಳಿನ ಪಾಪ ಅರ್ಧ ಕೇಳಿದವರಿಗೆ ಹೋಗ್ತದೆ" ಎನ್ನುತ್ತಿದ್ದಳು. ಆ ಅರ್ಧ ಪಾಪವನ್ನು ಬಾಯಿ ತೆರೆದುಕೊಂಡು ನುಂಗುತ್ತಲೇ ನಾನು ಬೆಳೆದೆ.

ನಮ್ಮ ಕೋಟೆಯಿಂದ ದಿನಕ್ಕೊಂದು ಕಲ್ಲು ಇಳಿದು ಬರುತ್ತದೆ. ಬೆಳಗಾಗುವಾಗ ಊರಿನ ಯಾವುದೋ ಒಂದು ಮನೆಯ ಹೊಸ್ತಿಲ ಹೊರಗೆ, ಹೇಳದೆ ಬಂದ ನೆಂಟನ ಹಾಗೆ ಕೂತಿರುತ್ತದೆ. ಆ ಮನೆಯವರು ಹೊತ್ತು ಮುಳುಗುವುದರೊಳಗೆ ಅದನ್ನು ಹೊತ್ತು ಗುಡ್ಡ ಹತ್ತಿ, ಅದರ ಜಾಗದಲ್ಲಿ ಕೂರಿಸಿ ಬರಬೇಕು. ಜಾಗ ಹುಡುಕುವುದು ಕಷ್ಟವಲ್ಲ, ಗೋಡೆಯಲ್ಲಿ ಹೊಸ ತೂತು ಎಲ್ಲಿದೆ ಎಂದು ನೋಡಿದರಾಯಿತು. ಕಲ್ಲು ಸರಿಯಾಗಿ ಕೂತರೆ ಗೋಡೆ ತೇಗುತ್ತದೆ, ಹಬ್ಬದೂಟ ಮುಗಿಸಿದ ಯಜಮಾನರ ತೇಗಿನ ಹಾಗೆ. ತೇಗು ಕೇಳದೆ ಕೆಳಗಿಳಿದು ಬಂದರೆ ಮರುದಿನ ಅದೇ ಕಲ್ಲು, ಅದೇ ಹೊಸ್ತಿಲು. ಆಳು ಹಿಡಿದು ಹೊರಿಸಿದರೂ ನಡೆಯುವುದಿಲ್ಲ. ಮನೆಯವರೇ ಇಟ್ಟರೆ ಮಾತ್ರ ಗೋಡೆ ಒಪ್ಪಿಕೊಳ್ಳುತ್ತದೆ. ಹೀಗೆ ನಮ್ಮ ಊರು ತಲೆತಲಾಂತರದಿಂದ ಬೆವರು ಸುರಿಸಿ ತನ್ನ ಪಾಳುಕೋಟೆಯನ್ನು ಎಷ್ಟು ಪಾಳೋ ಅಷ್ಟೇ ಪಾಳಾಗಿ ಕಾಪಾಡಿಕೊಂಡು ಬಂದಿದೆ.

ಊರಿನವರಿಗೆ ಇದು ಅಭ್ಯಾಸ. ಬೆಳಿಗ್ಗೆ ಎದ್ದವರು ಬೇಲಿಯಾಚೆ ಕೇಳುವ ಮೊದಲ ಮಾತು, "ಇವತ್ತು ಯಾರ ಮನೆಗೆ?" ತಮ್ಮ ಮನೆಗಲ್ಲ ಎಂದು ತಿಳಿದ ಮೇಲೆಯೇ ಉಳಿದವರು ಹಲ್ಲುಜ್ಜುವುದು. ಹೆಣ್ಣು ಕೊಡುವವರು ಹುಡುಗನ ಜಾತಕ ಆಮೇಲೆ ಕೇಳುತ್ತಾರೆ, ಬೆನ್ನು ಮೊದಲು ನೋಡುತ್ತಾರೆ. ಮದುವೆಯ ದಿನವೇ ಕಲ್ಲು ಬಂದು ಮದುಮಗ ಬಾಸಿಂಗ ಕಟ್ಟಿಕೊಂಡು ಗುಡ್ಡ ಹತ್ತಿದ್ದೂ ಉಂಟು. ಸಂಜೆಯವರೆಗೆ ಹೇಗೂ ಮನೆಯಲ್ಲೇ ಇರುತ್ತದಲ್ಲ ಎಂದು ಉಪ್ಪಿನಕಾಯಿಯ ಭರಣಿಗೆ ಅದನ್ನೇ ಭಾರ ಇಡುವವರು, ಅದರ ಮೇಲೆಯೇ ಕೂತು ಮೀನು ಹೆಚ್ಚುವವರು ಎಷ್ಟೋ ಜನ.

ನಮ್ಮ ಮನೆಗೆ ಮಾತ್ರ ನಲವತ್ತೆರಡು ವರ್ಷದಿಂದ ಕಲ್ಲು ಬಂದಿರಲಿಲ್ಲ.

ಊರು ಇದಕ್ಕೆ ತಾನೇ ಒಂದು ಕಾರಣ ಹುಡುಕಿಕೊಂಡಿತ್ತು. ದುಗ್ಗಜ್ಜಿಯ ಪುಣ್ಯ ಅಂಥದ್ದು, ಕಲ್ಲಿಗೂ ಅವಳ ಹೊಸ್ತಿಲು ಮೆಟ್ಟಲು ಭಯ ಎಂದು. ನಮ್ಮ ಮನೆಗೆ 'ಕಲ್ಲು ಬಾರದ ಮನೆ' ಎಂದೇ ಹೆಸರು ಬಿತ್ತು. ಹೊಸದಾಗಿ ಮದುವೆಯಾದವರು ಬಂದು ಅಜ್ಜಿಯ ಕಾಲು ಮುಟ್ಟುತ್ತಿದ್ದರು. ಅಜ್ಜಿ ಅರೆಯುವ ಕಲ್ಲಿನ ಮುಂದಿನಿಂದ ಏಳುತ್ತಲೂ ಇರಲಿಲ್ಲ. ಮೆಣಸು ಹತ್ತಿದ ಕೈಯನ್ನೇ ಮದುಮಕ್ಕಳ ತಲೆಯ ಮೇಲಿಟ್ಟು "ಬೆನ್ನು ಗಟ್ಟಿ ಇರ್ಲಿ" ಎನ್ನುತ್ತಿದ್ದಳು. ಅವರು ಕಣ್ಣುರಿಸಿಕೊಂಡು, ಅದು ಭಕ್ತಿಯ ನೀರೆಂದು ತಿಳಿದು ಮನೆಗೆ ಹೋಗುತ್ತಿದ್ದರು.

ನನ್ನ ಹೆಸರು ವಾರಿಜ. ಅಮ್ಮ ದೂರದ ಶಾಲೆಯೊಂದರಲ್ಲಿ ಟೀಚರು, ಮನೆಯಲ್ಲಿ ಇದ್ದುದು ನಾನು ಮತ್ತು ಅಜ್ಜಿ ಇಬ್ಬರೇ. ಓದು ಮುಗಿಸಿ ಕೂತಿದ್ದ ನನ್ನನ್ನು ಕೋಟೆ ಕಮಿಟಿಯವರು ಪ್ರವಾಸಿಗರಿಗೆ ಊರು ತೋರಿಸುವ ಕೆಲಸಕ್ಕೆ ಹಾಕಿಕೊಂಡರು. "ಕನಸು ಕಾಣೂದಕ್ಕೆ ಸಂಬಳ ಕೊಡುವ ಕೆಲಸ ಲೋಕದಲ್ಲಿ ಇದೊಂದೇ ಇರೂದು, ಬಿಡಬೇಡ" ಎಂದಳು ಅಜ್ಜಿ.

ನಾನು ಜನರನ್ನು ದಂಡೆಯ ಕರಿಬಂಡೆಗಳ ಮೇಲಿಂದ ಕರೆದುಕೊಂಡು ಹೋಗುತ್ತಿದ್ದೆ. ಮೊದಲು ಸಿಗುವುದು 'ಮುದುಕಿ ಕೆಮ್ಮು'. ಬಂಡೆಯ ಬುಡದ ಗುಹೆಯೊಳಗೆ ಅಲೆ ನುಗ್ಗಿ, ಒಳಗೆಲ್ಲೋ ಸಿಕ್ಕಿಕೊಂಡು, ಆಮೇಲೆ ಖೊಕ್ ಖೊಕ್ ಎಂದು ಮೇಲಿನ ಬಿರುಕಿನಿಂದ ನೀರು ಉಗುಳುವ ಜಾಗ. ಅಲ್ಲಿ ಎಲ್ಲರೂ ಒದ್ದೆಯಾಗುತ್ತಾರೆ, ನಗುತ್ತಾರೆ, ಫೋಟೊ ತೆಗೆಯುತ್ತಾರೆ. ಅಲ್ಲಿಂದ ಮೆಟ್ಟಿಲು. ಮೆಟ್ಟಿಲು ಮುಗಿದಲ್ಲಿ ಬಾಗಿಲಿನ ಕಮಾನು. ಒಳಗೆ ಆಡುಗಳು ವಾಸವಾಗಿರುವ ಕುದುರೆ ಲಾಯ, ಸಮುದ್ರಕ್ಕೆ ಇಷ್ಟು ಹತ್ತಿರವಿದ್ದೂ ಉಪ್ಪಾಗದ ಬಾವಿ, ಶತ್ರುವಿನ ಕಡೆ ಬಾಯಿ ತೆರೆದು ಕೂತ ತೋಪು. ಆ ತೋಪಿನ ಮೇಲೆ ಆಡು ಕಾಯುವ ಗಿರಿಜಕ್ಕನ ಲಂಗ ಒಣಗುತ್ತಿರುವುದನ್ನು ನಾನು ಎಷ್ಟು ಹೇಳಿದರೂ ತಪ್ಪಿಸಲಾಗಲಿಲ್ಲ. "ಶತ್ರು ಬಂದ್ರೆ ತೆಗೀತೇನೆ ಬಿಡು" ಎನ್ನುತ್ತಿದ್ದಳು.

ಆದರೆ ಜನ ಬರುತ್ತಿದ್ದುದು ಇವ್ಯಾವುದಕ್ಕೂ ಅಲ್ಲ. ರಾಣಿ ಕಿಂಡಿಗೆ. ಸಮುದ್ರದ ಬದಿಯ ಗೋಡೆಯ ಮೇಲ್ಭಾಗದಲ್ಲಿ, ಗೋಡೆ ಒಂದೇ ಕಲ್ಲಿನ ದಪ್ಪಕ್ಕಿಳಿಯುವ ಕಡೆ, ಎರಡು ಗೇಣು ಅಗಲದ ಒಂದು ಕಿಂಡಿ. ಅದಕ್ಕೆ ಮುಖವಿಟ್ಟು ನೋಡಿದರೆ ನೀಲಿಯೋ ನೀಲಿ. ರಾಣಿ ದಿನಾ ಇಲ್ಲಿ ನಿಂತು ಹಡಗಿನಲ್ಲಿ ಹೋದ ತನ್ನ ಗೆಳೆಯನ ದಾರಿ ಕಾದಳಂತೆ. ಗೋಡೆ ಅಡ್ಡ ಬಂದಾಗ ಅವಳ ನಿಟ್ಟುಸಿರಿಗೆ ಕಲ್ಲೇ ಕರಗಿ ಕಿಂಡಿಯಾಯಿತಂತೆ. ಇದನ್ನು ಹೇಳುವಾಗ ನನ್ನ ದನಿ ತಾನಾಗಿ ಇಳಿಯುತ್ತಿತ್ತು. ದಿನಕ್ಕೆ ಮೂರು ಸಲ ಹೇಳಿದರೂ ಮೂರು ಸಲವೂ ನನಗೆ ಅಳು ಬರುತ್ತಿತ್ತು. ಮೆಟ್ಟಿಲ ಬುಡದಲ್ಲಿ ಅಂಗಡಿ ಇಟ್ಟಿದ್ದ ಪದ್ದಣ್ಣ 'ಕಿಂಡಿ ಸೋಡಾ' ಎಂದು ಬೋರ್ಡು ಬರೆಸಿ, ಅತ್ತು ಇಳಿದವರಿಗೆ ಸೋಡಾ ಒಡೆದು ಕೊಡುತ್ತಿದ್ದ. "ವಾರಿಜಾ, ನೀನು ಇನ್ನೂ ಸ್ವಲ್ಪ ಅಳಿಸು ಮಾರಾಯ್ತಿ. ಅತ್ತವರಿಗೆ ಬಾಯಾರಿಕೆ ಜಾಸ್ತಿ" ಎನ್ನುತ್ತಿದ್ದ.

ಆ ವರ್ಷ ಅಜ್ಜಿಗೆ ಎಂಬತ್ತೊಂದು ತುಂಬಿತು. ಮೊಣಕಾಲು ಬಾವು ಬಂದು ಅಂಗಳ ದಾಟುವುದೇ ಕಷ್ಟವಾಯಿತು. ಒಂದು ಮಧ್ಯಾಹ್ನ ಊಟ ಮಾಡಿ ಎಲೆಯಡಿಕೆ ಮೆಲ್ಲುತ್ತಾ, ಪೇಟೆಯಿಂದ ಸೊಪ್ಪು ತರಲು ಹೇಳುವ ದನಿಯಲ್ಲೇ ಹೇಳಿದಳು.

"ವಾರೀ, ಆ ಅರೆಯುವ ಕಲ್ಲು ಉಂಟಲ್ಲ, ಅದು ಕೋಟೇದು. ಕೊಂಡೋಗಿ ಇಟ್ಟು ಬಾ."

ನಾನು ಅರೆಯುವ ಕಲ್ಲಿನ ಕಡೆ ನೋಡಿದೆ. ಅಡುಗೆಮನೆಯ ಮೂಲೆಯಲ್ಲಿ ನಾನು ಹುಟ್ಟುವ ಮೊದಲಿನಿಂದ ಬಿದ್ದಿದ್ದ ಚಪ್ಪಟೆ ಕರಿಕಲ್ಲು. ಅದರ ಮೇಲೆ ಅಜ್ಜಿ ಗುಂಡು ಎಳೆದೂ ಎಳೆದೂ ನಡುವೆ ದೋಣಿಯ ಹಾಗೆ ತಗ್ಗಾಗಿತ್ತು.

"ಕೋಟೇದು ಅಂದ್ರೆ?"

"ಕೋಟೇದು ಅಂದ್ರೆ ಕೋಟೇದು. ಒಂದು ದಿನ ಬೆಳಿಗ್ಗೆ ಹೊಸ್ತಿಲಲ್ಲಿ ಬಂದು ಕೂತಿತ್ತು. ನಾನು ವಾಪಸ್ಸು ಇಡಲಿಲ್ಲ. ಒಂದು ಕಲ್ಲು ಇಟ್ಟುಕೊಂಡ ಮನೆಗೆ ಇನ್ನೊಂದು ಬರೂದಿಲ್ಲ ಅಂತ ಆಮೇಲೆ ಗೊತ್ತಾಯ್ತು. ಒಳ್ಳೇದೇ ಆಯ್ತು."

ನನ್ನ ತಲೆ ಕೂಡಲೇ ಕಥೆ ಹೊಸೆಯತೊಡಗಿತು. "ಆಗ ನೀನು ಬಸುರಿಯಾಗಿದ್ದೆ, ಅಲ್ವಾ ಅಜ್ಜಿ? ಹೊರಲು ಆಗಲಿಲ್ಲ."

"ಎಂತ ಬಸುರಿ! ನಿನ್ನ ಅಮ್ಮ ಆಗ ಐದು ವರ್ಷದವಳು."

"ಹಾಗಾದ್ರೆ ಅಜ್ಜ ಸಮುದ್ರಕ್ಕೆ ಹೋಗಿ ಬಂದಿರಲಿಲ್ಲ. ನೀನು ದುಃಖದಲ್ಲಿ..."

"ನಿನ್ನ ಅಜ್ಜ ಜಗಲಿ ಮೇಲೆ ಗೊರಕೆ ಹೊಡೀತಿದ್ದ. ಕೇಳು, ಹಳೇ ಅರೆಯುವ ಕಲ್ಲು ಒಡೆದುಹೋಗಿತ್ತು. ಇದು ಸಪಾಟಾಗಿತ್ತು. ಮತ್ತೆ ನನಗೆ ಆ ಗುಡ್ಡ ಹತ್ತಲು ಉದಾಸೀನ. ಇಷ್ಟೇ."

ನಾನು ತಡೆದು ತಡೆದು ಕೇಳಿದೆ. "ಕಲ್ಲು ಬಂದ ಆ ಜಾಗ ಯಾವುದು?"

ಅಜ್ಜಿ ತಾಂಬೂಲ ಉಗುಳಿ ಬಂದಳು. "ಅದೇ, ನೀನು ದಿನಾ ಹೋಗಿ ಅಳ್ತೀಯಲ್ಲ, ಅಲ್ಲಿ. ಮರುದಿನ ಊರವರು ಎರಡು ತೂತು ನೋಡಿ 'ಇನ್ನೊಂದು ಯಾರದು' ಅಂತ ಮನೆ ಮನೆ ಕೇಳ್ತಾ ಬಂದ್ರು. ಇದೇ ಕಲ್ಲಿನ ಮೇಲೆ ಕಾಯಿ ಅರೀತಾ ಕೂತಿದ್ದೆ. 'ಅದು ರಾಣಿ ಕಿಂಡಿ, ಅವಳ ನಿಟ್ಟುಸಿರಿಗೆ ಕಲ್ಲು ಕರಗಿದ್ದು, ನಿಮಗೆ ಗೊತ್ತಿಲ್ವಾ' ಅಂದೆ. ಮುಂದೆಂತ ಆಯ್ತು ಅಂತ ಕೇಳಿದ್ರು. ಕಾಯಿ ನುಣ್ಣಗಾಗುವಷ್ಟರಲ್ಲಿ ರಾಣಿಗೆ ಗೆಳೆಯನೂ ಆದ, ಅವನಿಗೆ ಹಡಗೂ ಆಯ್ತು."

ಇಪ್ಪತ್ತಮೂರು ವರ್ಷ ನಾನು ಯಾರ ವಿರಹಕ್ಕೆ ಕಣ್ಣೀರು ಹಾಕಿದ್ದೆನೋ ಅವಳು ಒಂದು ಹೋಳು ತೆಂಗಿನಕಾಯಿ ಅರೆಯುವ ಹೊತ್ತಿನಲ್ಲಿ ಹುಟ್ಟಿದವಳು. ನನಗೆ ಆ ದಿನ ಮೀನುಸಾರು ಸೇರಲಿಲ್ಲ.

ಅಜ್ಜಿಗೆ ಈಗ ಯಾಕೆ ಅವಸರವೆಂದರೆ, ಇಟ್ಟುಕೊಂಡ ಕಲ್ಲನ್ನು ಸತ್ತ ಮೇಲಾದರೂ ಹೊರಲೇಬೇಕು, ಬಿಡುವಿಲ್ಲದೆ ಹೊರುತ್ತಲೇ ಇರಬೇಕು ಎಂದು ನಮ್ಮಲ್ಲಿ ನಂಬಿಕೆ. ಸ್ವರ್ಗ ನರಕದ ಚಿಂತೆ ಅಜ್ಜಿಗೆ ಇರಲಿಲ್ಲ. ಅವಳ ಚಿಂತೆಯೆಲ್ಲ ಮೊಣಕಾಲಿನದು. "ಇದೇ ಕಾಲು ಇಟ್ಕೊಂಡು ಹತ್ತಬೇಕಾ, ಹೊಸದು ಕೊಡ್ತಾರಾ, ಯಾರಿಗೆ ಗೊತ್ತು" ಎಂದಳು. ಅಷ್ಟೇ ಅಲ್ಲ. ಸಂಜೆ ಹೊತ್ತು ಸಮುದ್ರಕ್ಕೆ ಇಳಿಯುವಾಗ ಕಿಂಡಿಯಿಂದ ತೂರಿದ ಬೆಳಕು ಕಮಾನಿನೊಳಗಿಂದ ನಮ್ಮ ಅಂಗಳಕ್ಕೆ ಒಂದು ಕೆಂಪು ಚುಕ್ಕಿಯಾಗಿ ಕಾಣುತ್ತಿತ್ತು. ಅಜ್ಜಿ ಸಂಜೆ ಯಾವಾಗಲೂ ಪಡುವಣಕ್ಕೆ ಬೆನ್ನು ಹಾಕಿಯೇ ಕೂರುತ್ತಿದ್ದಳು. ಅದೇನೋ ವ್ರತವೆಂದು ನಾನು ತಿಳಿದಿದ್ದೆ. "ವ್ರತ ಎಂತದು. ನಲವತ್ತೆರಡು ವರ್ಷದಿಂದ ಆ ಕಣ್ಣು ನನ್ನನ್ನೇ ನೋಡ್ತದೆ. ಅದನ್ನು ಮುಚ್ಚಿ ಬಾ." ನನ್ನ ಅಂಗೈಯನ್ನು ತನ್ನ ಕೈಯೊಳಗೆ ಒತ್ತಿ ಹಿಡಿದು ಮಾತು ತೆಗೆದುಕೊಂಡಳು. ನಾನು ಕೊಟ್ಟೆ.

ಕೊಟ್ಟೆ, ಆದರೆ ಹೋಗಲಿಲ್ಲ. ಕಿಂಡಿ ಮುಚ್ಚಿದರೆ ನಾನು ತೋರಿಸುವುದೇನು? ಒದ್ದೆ ಬಂಡೆ, ಆಡಿನ ಹಿಕ್ಕೆ, ಗಿರಿಜಕ್ಕನ ಲಂಗ. ಕೆಲಸ ಹೋಗುತ್ತದೆ. ಮನೆಯ ಮರ್ಯಾದೆಯೂ ಹೋಗುತ್ತದೆ. ಇವೆರಡೂ ಹೋಗಲಿ ಎಂದರೂ, ರಾಣಿ? ಸುಳ್ಳೆಂದು ಗೊತ್ತಾದ ಮೇಲೂ ನಾನು ಕಿಂಡಿಗೆ ಮುಖವಿಟ್ಟರೆ ದೂರದಲ್ಲಿ ಒಂದು ಹಾಯಿ ಕಂಡ ಹಾಗೆ ಆಗುತ್ತಿತ್ತು. ಅದನ್ನು ನನ್ನ ಕೈಯಾರೆ ಮುಚ್ಚುವುದೆಂದರೆ!

ಮೊದಲ ದಿನ ಕಲ್ಲು ತಲೆಗೇರಿಸಿ ಹೊಸ್ತಿಲು ದಾಟುವಾಗ ಬೇಕೆಂದೇ ಒಂದು ಸಲ ಸೀನಿದೆ. ಒಂಟಿ ಸೀನಿಗೆ ನಮ್ಮಲ್ಲಿ ಯಾರೂ ಹೊರಡುವುದಿಲ್ಲ. ಇನ್ನೊಂದು ಬಂದು ಜೋಡಿಯಾದರೆ ಮಾತ್ರ ಕಾಲು ಎತ್ತುವುದು. ಅಜ್ಜಿ ಕಣ್ಣು ಕಿರಿದು ಮಾಡಿ ಇನ್ನೊಂದಕ್ಕೆ ಕಾದಳು. ನಾನು ಮೂಗು ಒರೆಸಿಕೊಂಡು ಒಳಗೆ ಬಂದೆ. ಆಮೇಲೆ ಅಮಾವಾಸ್ಯೆ ಬಂತು. ಆಮೇಲೆ ಗಾಳಿ. ಆಮೇಲೆ ನನಗೆ ಕುತ್ತಿಗೆ ನೋವು. ನಡುವೆ ಎರಡು ಸಲ ಅಜ್ಜಿ ಸಾಯಲು ಮಲಗಿದಳು. ತುಳಸಿ ನೀರು ತರಿಸಿದಳು, ಕಣ್ಣು ಮುಚ್ಚಿದಳು, ಐದು ನಿಮಿಷಕ್ಕೆ ಎದ್ದು ಕೂತು "ಆ ದರಿದ್ರ ಕಲ್ಲು ನೆನಪಾಯ್ತು" ಎಂದು ಗಂಜಿ ಕೇಳಿದಳು. "ಸಾಯಲಿಕ್ಕೂ ಬಿಡೂದಿಲ್ಲ ಈ ಹುಡುಗಿ" ಎಂದು ಗಂಜಿಯ ಜೊತೆಗೆ ಚಟ್ನಿಯನ್ನೂ ಕೇಳಿದಳು. ಚಟ್ನಿ ಅರೆಯಲು ಅದೇ ಕಲ್ಲು.

ಹೀಗಿರುವಾಗ ಒಂದು ಮಧ್ಯಾಹ್ನ ನಾನು ಹನ್ನೆರಡು ಜನರನ್ನು ಕಿಂಡಿಯ ಮುಂದೆ ನಿಲ್ಲಿಸಿ ನಿಟ್ಟುಸಿರಿನ ಭಾಗಕ್ಕೆ ಬಂದಿದ್ದೆ. ಗಿರಿಜಕ್ಕ ಓಡಿ ಬಂದಳು.

"ವಾರಿಜಾ, ನಿನ್ನ ಅಜ್ಜಿ ಮೆಟ್ಟಿಲ ಮೇಲೆ ಕೂತಿದ್ದಾರೆ! ಮಡಿಲಲ್ಲಿ ಅರೆಯುವ ಕಲ್ಲು! ತಲೆ ಕೆಟ್ಟಿತಾ ಹೇಗೆ?"

ನಾನು ರಾಣಿಯನ್ನು ನಿಟ್ಟುಸಿರಿನ ನಡುವೆಯೇ ಬಿಟ್ಟು ಓಡಿದೆ. ಪ್ರವಾಸಿಗರೂ ಇದು ಟಿಕೆಟ್ಟಿನಲ್ಲೇ ಸೇರಿದೆಯೆಂದು ತಿಳಿದು ಹಿಂದೆಯೇ ಇಳಿದರು. ಅಜ್ಜಿ ಮೂರನೇ ಮೆಟ್ಟಿಲ ಮೇಲಿದ್ದಳು. ಮನೆಯಿಂದ ಅಲ್ಲಿಗೆ ಕಲ್ಲನ್ನು ಗೋಣಿಯಲ್ಲಿಟ್ಟು ಎಳೆದುಕೊಂಡು, ಕೂತು ಸರಿಯುತ್ತಾ ಬಂದಿದ್ದಳಂತೆ. ಸೀರೆಯೆಲ್ಲ ಧೂಳು, ಕೈಯ ಚರ್ಮ ಸುಲಿದಿತ್ತು, ಏದುಸಿರು ಬಿಡುತ್ತಿದ್ದಳು. ಸುತ್ತ ಅರ್ಧ ಊರು ಸೇರಿತ್ತು. ಪದ್ದಣ್ಣ ಕೈಯಲ್ಲಿ ಸೋಡಾ ಹಿಡಿದು ನಿಂತಿದ್ದ, ಕುಡಿಸುವುದನ್ನೇ ಮರೆತು.

"ಹೇಳಿದೆ" ಎಂದಳು ಅಜ್ಜಿ ನನ್ನನ್ನು ನೋಡಿ. "ಎಲ್ಲಾ ಹೇಳಿದೆ. ಇನ್ನು ನಿನಗೆ ಮರ್ಯಾದೆಯ ನೆಪ ಇಲ್ಲ."

ಪದ್ದಣ್ಣನಿಗೆ ಮಾತು ಬಂತು. "ಅಜ್ಜೀ, ನಿಮ್ಮ ಕಾಲಿಗೆ ಬೀಳ್ತೇನೆ. ಹೇಳಿದ್ದು ಹೇಳಿದ್ರಿ, ನಾವು ಯಾರೂ ಕೇಳಲಿಲ್ಲ ಅಂತ ಇಟ್ಕೊಳ್ಳಿ. ಕಿಂಡಿ ಮುಚ್ಚಿದ್ರೆ ಈ ಗುಡ್ಡ ಯಾರು ಹತ್ತುತ್ತಾರೆ? ನನ್ನ ಸೋಡಾ ಯಾರು ಕುಡೀತಾರೆ? ವಾರಿಜನ ಕೆಲಸ? ಒಂದು ಕಲ್ಲು ಅಲ್ವಾ, ನಲವತ್ತೆರಡು ವರ್ಷ ಇತ್ತು, ಇನ್ನೂ ಇರ್ಲಿ."

"ಇರ್ಲಿ ಪದ್ದಾ. ಹಾಗಾದ್ರೆ ನಾನು ಸತ್ತ ಮೇಲೆ ನನ್ನ ಬದಲು ನೀನು ಹೊರ್ತೀಯಾ?"

ಪದ್ದಣ್ಣ ತನ್ನ ಹೊಟ್ಟೆ ನೋಡಿಕೊಂಡ. ಮೆಟ್ಟಿಲು ನೋಡಿದ. ಎಣಿಸಲು ಹೋಗಿ ಬಿಟ್ಟ. ಆಮೇಲೆ ಅಂಗಡಿಗೆ ಹೋಗಿ ತನ್ನ ಕೆಂಪು ಪ್ಲಾಸ್ಟಿಕ್ ಕುರ್ಚಿ ತಂದು, ಅಜ್ಜಿಯನ್ನು ಎತ್ತಿ ಕೂರಿಸಿ, ಸೋಡಾ ಕೈಗೆ ಕೊಟ್ಟು ಪಕ್ಕಕ್ಕೆ ಸರಿದು ನಿಂತ.

ಅಜ್ಜಿಯ ಅಂಗೈಯ ರಕ್ತ ಕಲ್ಲಿನ ಅಂಚಿಗೆ ಮೆತ್ತಿತ್ತು. ಉದಾಸೀನಕ್ಕೆ ನಲವತ್ತೆರಡು ವರ್ಷ ಗುಡ್ಡ ತಪ್ಪಿಸಿಕೊಂಡವಳು ನನ್ನ ಉದಾಸೀನಕ್ಕೆ ಇಲ್ಲಿಯವರೆಗೆ ತೆವಳಿದ್ದಳು. ನಾನು ದುಪಟ್ಟಾ ಸುತ್ತಿ ಸಿಂಬಿ ಮಾಡಿ ತಲೆಗಿಟ್ಟೆ. ಗಿರಿಜಕ್ಕ ಕಲ್ಲು ಎತ್ತಿ ಇಡಲು ಬಂದಳು. ಬೇಡವೆಂದು ನಾನೇ ಎತ್ತಿಕೊಂಡೆ.

"ಒಳಗಿಂದ ಕೂರೂದಿಲ್ಲ ಅದು" ಅಜ್ಜಿ ಹಿಂದಿನಿಂದ ಕೂಗಿದಳು. "ಅಗಲದ ತುದಿ ಹೊರಗೆ ಬರಬೇಕು. ಸಮುದ್ರದ ಬದಿಗೆ ಹೋಗಿ ನಿಂತು ತಳ್ಳು. ಕೆಳಗೆ ನೋಡಬೇಡ, ನಿನಗೆ ಕನಸು ಬೀಳ್ತದೆ!"

ಹನ್ನೆರಡು ಜನ ಪ್ರವಾಸಿಗರು ನನ್ನ ಹಿಂದೆ ಮತ್ತೆ ಹತ್ತಿದರು. ಗೋಡೆ ಮುರಿದ ಮೂಲೆಯವರೆಗೆ ಬಂದು ಅಲ್ಲೇ ನಿಂತರು. ಅದರಾಚೆ ಗೋಡೆಗೂ ಗಾಳಿಗೂ ನಡುವೆ ಒಂದೂವರೆ ಹೆಜ್ಜೆ ಅಗಲದ ಬಂಡೆಯ ಅಂಚು. ಆಡುಗಳ ದಾರಿ. ನಾನು ಗೋಡೆಗೆ ಹೊಟ್ಟೆ ಒತ್ತಿ ಒಂದೊಂದೇ ಹೆಜ್ಜೆ ಸರಿದೆ. ಕೆಳಗೆ ಮುದುಕಿ ಕೆಮ್ಮುತ್ತಿದ್ದಳು. ಒಂದು ಸಲ ಜೋರಾಗಿ ಕೆಮ್ಮಿ ನನ್ನನ್ನೂ ಕಲ್ಲನ್ನೂ ತೋಯಿಸಿಬಿಟ್ಟಳು. ಉಪ್ಪುನೀರು ತಾಗಿದ್ದೇ ಕಲ್ಲಿನ ಮೈಯೊಳಗೆ ಕೂತಿದ್ದ ಮೆಣಸು, ಕೊತ್ತಂಬರಿ, ಬೆಳ್ಳುಳ್ಳಿ, ನಲವತ್ತೆರಡು ವರ್ಷದ ಸಾರು, ಎಲ್ಲ ಒಟ್ಟಿಗೆ ಎದ್ದು ನನ್ನ ಮೂಗಿಗೆ ಬಡಿಯಿತು. ಆ ಎತ್ತರದಲ್ಲಿ, ಆ ಗಾಳಿಯಲ್ಲಿ, ನನಗೆ ಹಸಿವಾಯಿತು.

ಕಿಂಡಿಯ ಮುಂದೆ ನಿಂತು ಕಲ್ಲನ್ನು ಅದರ ಅಂಚಿಗೆ ಇಳಿಸಿದೆ. ಈ ಬದಿಯಿಂದ ಅದರೊಳಗೆ ನಾನು ಯಾವತ್ತೂ ನೋಡಿರಲಿಲ್ಲ, ಯಾರೂ ನೋಡಿರಲಿಲ್ಲ. ಬಾವಿ, ತೋಪು, ಗಿರಿಜಕ್ಕನ ಲಂಗ, ಆಮೇಲೆ ಬಾಗಿಲಿನ ಕಮಾನು, ಕಮಾನಿನೊಳಗೆ ಚೌಕಟ್ಟು ಹಾಕಿಸಿದ ಹಾಗೆ ಇಡೀ ಊರು. ಹೆಂಚುಗಳು, ತೆಂಗು, ಒಣಹಾಕಿದ ಬಲೆ, ಯಾರದೋ ಹೊಸ್ತಿಲಲ್ಲಿ ಇನ್ನೂ ಎತ್ತದೆ ಬಿಟ್ಟ ಇವತ್ತಿನ ಕಲ್ಲು. ಎಲ್ಲದರ ನಡುವೆ ಮೆಟ್ಟಿಲ ಬುಡದಲ್ಲಿ ಉಗುರಿನಷ್ಟು ಕೆಂಪು ಕುರ್ಚಿ, ಅದರಲ್ಲಿ ಅಜ್ಜಿ. ಮೊದಲ ಬಾರಿಗೆ ಪಡುವಣಕ್ಕೆ ಮುಖ ಮಾಡಿ ಕೂತಿದ್ದಳು. ಸೋಡಾ ಬಾಟಲಿಯನ್ನು ಹಣೆಗೆ ಅಡ್ಡ ಹಿಡಿದು ನನ್ನನ್ನೇ ಹುಡುಕುತ್ತಿದ್ದಳು. ಇಷ್ಟು ದಿನ ನಾನು ಜನರಿಗೆ ಕಿಂಡಿಯ ತಪ್ಪು ಬದಿ ತೋರಿಸಿದ್ದೆ.

ಇನ್ನೂ ಸ್ವಲ್ಪ ಹೊತ್ತು ನೋಡುತ್ತಿದ್ದೆನೋ ಏನೋ. ಆದರೆ ಹೊತ್ತು ಇಳಿಯುತ್ತಿತ್ತು. ಕಲ್ಲನ್ನು ಎತ್ತಿ ಕಿಂಡಿಯ ಬಾಯಿಗಿಟ್ಟು ತಳ್ಳಿದೆ. ಅರ್ಧ ಹೋಗಿ ನಿಂತಿತು. ಹೊರಗೆಳೆದು ಮಗುಚಿ, ಅರೆದು ತಗ್ಗಾದ ಮುಖ ಮೇಲೆ ಬರುವ ಹಾಗೆ ಹಿಡಿದು ಭುಜ ಕೊಟ್ಟೆ. ಗರಗರ ಎಂದು ಒಳಗೆ ಸರಿಯಿತು. ಕೆಂಪು ಕುರ್ಚಿ ಮರೆಯಾಯಿತು. ಕಲ್ಲು ಸವೆದ ಕಡೆ ಮಾತ್ರ ಬಿದಿಗೆ ಚಂದ್ರನಷ್ಟು ಸಂದು ಉಳಿಯಿತು, ಒಂದು ಕಣ್ಣು ಇಟ್ಟು ನೋಡಬಹುದಾದಷ್ಟು.

ನಾನು ತೇಗಿಗೆ ಕಾದೆ. ಗೋಡೆ ಸುಮ್ಮನಿತ್ತು. ಮೂಲೆಯಲ್ಲಿ ನಿಂತ ಪ್ರವಾಸಿಗರು ಕತ್ತು ಚಾಚಿದರು. ಇಷ್ಟು ತಡವಾಗಿ ಬಂದ ಕಲ್ಲನ್ನು ಗೋಡೆ ಮರೆತೇ ಬಿಟ್ಟಿತೋ ಏನೋ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಕಲ್ಲುಗಳ ಒಳಗೆಲ್ಲೋ ಒಂದು ತುರಿಕೆ ಓಡಿದ ಹಾಗಾಯಿತು. ಗೋಡೆ ಉಸಿರು ಒಳಗೆಳೆದುಕೊಂಡಿತು. ಎಳೆದುಕೊಂಡೇ ಇತ್ತು. ಆಮೇಲೆ ಸೀನಿತು.

ಕೋಟೆಗೆ ಕೋಟೆಯೇ ಸೀನಿದ್ದು. ಲಾಯದ ಆಡುಗಳು ದಿಕ್ಕಾಪಾಲಾದವು, ತೋಪಿನ ಮೇಲಿನ ಲಂಗ ಹಾರಿ ಸಮುದ್ರಕ್ಕೆ ಹೋಯಿತು, ನೂರಾರು ವರ್ಷದ ಧೂಳು ಸಂದಿನಿಂದ ನನ್ನ ಮುಖಕ್ಕೆ ರಾಚಿತು, ಅದರಲ್ಲಿ ಮೆಣಸಿನ ಘಾಟು. ಕೆಳಗೆ ಊರು ಸ್ತಬ್ಧವಾಯಿತು. ಯಾಕೆಂದು ನನಗೆ ಗೊತ್ತಿತ್ತು. ಒಂಟಿ ಸೀನು. ಯಾರೂ ಕಾಲು ಎತ್ತುವ ಹಾಗಿಲ್ಲ. ನಾನೂ ಆ ಒಂದೂವರೆ ಹೆಜ್ಜೆಯ ಅಂಚಿನ ಮೇಲೆ, ಗೋಡೆಗೆ ಕೆನ್ನೆ ಒತ್ತಿ, ನಾನು ಹೊಸ್ತಿಲಲ್ಲಿ ಸೀನಿದ ಆ ಸುಳ್ಳು ಸೀನನ್ನು ನೆನೆದು ನಾಚುತ್ತಾ ನಿಂತೆ. "ಇನ್ನೊಂದು ಸಲ ಮಾರಾಯಾ" ಎಂದು ಗೋಡೆಗೆ ಮೆಲ್ಲಗೆ ಹೇಳಿದೆ. "ಇನ್ನೊಂದೇ ಒಂದು."

ಅದು ಯೋಚಿಸಿತು. ಮತ್ತೆ ಉಸಿರೆಳೆದುಕೊಂಡು ಎರಡನೆಯದನ್ನೂ ಸೀನಿತು.

ಕೆಳಗಿನಿಂದ, ಮೆಟ್ಟಿಲ ಬುಡದಿಂದ, ಗಾಳಿಯನ್ನು ಸೀಳಿಕೊಂಡು ಅಜ್ಜಿಯ ದನಿ ಬಂತು. ಎಳೆ ಮಕ್ಕಳು ಸೀನಿದಾಗ ಹೇಳುವುದನ್ನೇ ಹೇಳಿದಳು. "ಚಿರಂಜೀವಿಯಾಗು!"

ಆಗ ಗೋಡೆ, ನಿಧಾನವಾಗಿ, ಹೊಟ್ಟೆ ತುಂಬ ಉಂಡವರ ಹಾಗೆ ತೇಗಿತು.